ವೈನು ಬಪ್ಪು

ಮನಾಲಿ ಕಲ್ಲಟ್ ವೈನು ಬಪ್ಪು (10 ಆಗಸ್ಟ್ 1927 – 19 ಆಗಸ್ಟ್ 1982) ಸ್ವಾತಂತ್ರ್ಯೋತ್ತರ ಭಾರತದ ಪ್ರಮುಖ ಖಗೋಳವಿಜ್ಞಾನಿ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಇವರು ನೈನಿತಾಲ್ ಮತ್ತು ಕಾವಲೂರು ವೀಕ್ಷಣಾಲಯಗಳನ್ನು ಕಟ್ಟಿ ಬೆಳೆಸಿದರು. ನಕ್ಷತ್ರಗಳ ನಿಜವಾದ ಪ್ರಕಾಶವನ್ನು ತಿಳಿಯಲು ನೆರವಾಗುವ 'ವಿಲ್ಸನ್–ಬಪ್ಪು ಪರಿಣಾಮ'ದಲ್ಲಿ ಇವರ ಹೆಸರು ಸೇರಿದೆ. ರಾತ್ರಿಯ ಆಕಾಶದಿಂದ ಬರುವ ಅತಿ ಮಂದ ಬೆಳಕನ್ನು ಬೇಡದ ಬೆಳಕಿನಿಂದಲೂ ಉಪಕರಣದ ದೋಷಗಳಿಂದಲೂ ಬೇರ್ಪಡಿಸಿ ದಾಖಲಿಸುವುದು ಇವರ ಕಾಲದ ಖಗೋಳವಿಜ್ಞಾನದ ದೊಡ್ಡ ಸವಾಲಾಗಿತ್ತು. ಬಪ್ಪು ಅವರ ಬಹುಪಾಲು ಕಾರ್ಯ ಈ ಸವಾಲಿಗೆ ಸಂಬಂಧಿಸಿದ್ದಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವೈನು ಬಪ್ಪು ಮದರಾಸಿನಲ್ಲಿ ಜನಿಸಿದರು. ಇವರ ಕುಟುಂಬ ಕೇರಳದ ಕಣ್ಣೂರು ಮೂಲದ್ದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗಿಯಾಗಿದ್ದುದರಿಂದ ದೂರದರ್ಶಕ, ನಕ್ಷತ್ರಪಟ ಮತ್ತು ಛಾಯಾಚಿತ್ರ ಫಲಕಗಳು ಬಾಲಕನಿಗೆ ಮನೆಯ ವಸ್ತುಗಳಷ್ಟೇ ಪರಿಚಿತವಾಗಿದ್ದವು. ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಪ್ರಕಾಶ ಬದಲಾಗುವ ನಕ್ಷತ್ರಗಳನ್ನು ವೀಕ್ಷಿಸಿ ಲೇಖನಗಳನ್ನು ಪ್ರಕಟಿಸಿದರು. ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಬಳಿಕ, ಹೈದರಾಬಾದ್ ಸಂಸ್ಥಾನದ ವಿದ್ಯಾರ್ಥಿವೇತನದ ನೆರವಿನಿಂದ 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು.

ಧೂಮಕೇತುವಿನ ಶೋಧ

ಹಾರ್ವರ್ಡ್ ಸೇರಿದ ಕೆಲವೇ ತಿಂಗಳಲ್ಲಿ, 1949ರ ಜುಲೈ 2ರಂದು, ರಾತ್ರಿಯ ಆಕಾಶದ ಛಾಯಾಚಿತ್ರ ಫಲಕವೊಂದರಲ್ಲಿ ಬಪ್ಪು ಹೊಸ ಧೂಮಕೇತುವೊಂದನ್ನು ಗುರುತಿಸಿದರು. ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಈ ಶೋಧವನ್ನು ದೃಢಪಡಿಸಲು ನೆರವಾದರು. ಹೀಗಾಗಿ ಧೂಮಕೇತುವಿಗೆ ಬಪ್ಪು–ಬಾಕ್–ನ್ಯೂಕರ್ಕ್ ಎಂಬ ಹೆಸರು ಬಂದಿತು. ಈ ಶೋಧಕ್ಕಾಗಿ ಪೆಸಿಫಿಕ್ ಖಗೋಳ ಸಂಘವು ಅವರಿಗೆ ಡೊನೊಹೊ ಧೂಮಕೇತು ಪದಕವನ್ನು ನೀಡಿತು.

ಇಂತಹ ಶೋಧ ಸುಲಭವಾದುದಲ್ಲ. ಮಂದವಾದ ಆಕಾಶಕಾಯಗಳು ಮೂಡಬೇಕಾದರೆ ಗಾಜಿನ ಫಲಕವನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕು. ಆ ಅವಧಿಯಲ್ಲಿ ಆಕಾಶದ ಹಿನ್ನೆಲೆಯ ಬೆಳಕೂ ಫಲಕದ ಮೇಲೆ ಸಂಗ್ರಹವಾಗುತ್ತದೆ. ಲೇಪದಲ್ಲಿರುವ ಬೆಳ್ಳಿಯ ಕಣಗಳು, ಗೀರು ಮತ್ತು ಧೂಳಿನ ಗುರುತುಗಳು ನಕ್ಷತ್ರಗಳಂತೆಯೇ ತೋರಬಲ್ಲವು. ಇಂದಿನ ಛಾಯಾಗ್ರಾಹಕರು 'ನಾಯ್ಸ್' ಎಂದು ಕರೆಯುವ ತೊಂದರೆಯ ಹಳೆಯ ರೂಪವಿದು. ಒಂದು ಚುಕ್ಕೆ ನಿಜವಾದ ಆಕಾಶಕಾಯವೇ ಎಂದು ತಿಳಿಯಲು ಅದೇ ಭಾಗದ ಮತ್ತೊಂದು ಫಲಕದೊಡನೆ ಹೋಲಿಸಬೇಕಾಗುತ್ತದೆ. ಫಲಕದ ದೋಷ ಎರಡನೆಯ ಚಿತ್ರದಲ್ಲಿ ಕಾಣುವುದಿಲ್ಲ. ನಕ್ಷತ್ರ ಇದ್ದಲ್ಲಿಯೇ ಇರುತ್ತದೆ. ಧೂಮಕೇತು ಮಾತ್ರ ಸ್ಥಾನ ಬದಲಿಸಿರುತ್ತದೆ.

ವಿಲ್ಸನ್–ಬಪ್ಪು ಪರಿಣಾಮ

1952ರಲ್ಲಿ ಡಾಕ್ಟರೇಟ್ ಪಡೆದ ಬಪ್ಪು, ಕಾರ್ನೆಗಿ ಫೆಲೋಶಿಪ್‌ನ ಮೇಲೆ ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯಕ್ಕೆ ತೆರಳಿದರು. ಅಲ್ಲಿ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಅಧ್ಯಯನ 1957ರಲ್ಲಿ ಪ್ರಕಟವಾಯಿತು. ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂ ಧಾತುವಿನ 'ಕೆ' ರೇಖೆ ಕಪ್ಪಾಗಿ ಕಾಣುತ್ತದೆ. ಅದರ ನಡುವೆ ತೆಳುವಾದ ಒಂದು ಪ್ರಕಾಶಮಾನ ಪಟ್ಟಿ ಇರುತ್ತದೆ. ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚಿದಂತೆ ಈ ಪಟ್ಟಿಯ ಅಗಲವೂ ಹೆಚ್ಚುತ್ತದೆ ಎಂಬುದನ್ನು ಇಬ್ಬರೂ ತೋರಿಸಿಕೊಟ್ಟರು. ಪಟ್ಟಿಯ ಅಗಲದಿಂದ ನಿಜವಾದ ಪ್ರಕಾಶವನ್ನು ತಿಳಿದು, ಅದನ್ನು ಭೂಮಿಯಿಂದ ಕಾಣುವ ಪ್ರಕಾಶದೊಡನೆ ಹೋಲಿಸಿದರೆ ನಕ್ಷತ್ರದ ದೂರವನ್ನು ಲೆಕ್ಕಹಾಕಬಹುದು. ನಕ್ಷತ್ರದ ಬೆಳಕನ್ನು ರೋಹಿತವಾಗಿ ಹರಡಿದಾಗ ಅದು ಇನ್ನಷ್ಟು ಮಂದವಾಗುವುದರಿಂದ ಈ ಕಾರ್ಯಕ್ಕೂ ದೀರ್ಘ ಎಕ್ಸ್‌ಪೋಷರ್ ಮತ್ತು ಸ್ವಚ್ಛವಾದ ಆಕಾಶ ಅವಶ್ಯವಾಗಿದ್ದವು.

ನೈನಿತಾಲ್‌ನಿಂದ ಕಾವಲೂರಿಗೆ

ವಿದೇಶದಲ್ಲಿಯೇ ನೆಲೆಸುವ ಅವಕಾಶವಿದ್ದರೂ ಬಪ್ಪು ಭಾರತಕ್ಕೆ ಮರಳಿದರು. 1954ರಲ್ಲಿ ಉತ್ತರ ಪ್ರದೇಶ ರಾಜ್ಯ ವೀಕ್ಷಣಾಲಯದ ಹೊಣೆ ವಹಿಸಿಕೊಂಡರು. ವಾರಾಣಸಿಯಲ್ಲಿ ಆರಂಭವಾಗಿದ್ದ ಆ ವೀಕ್ಷಣಾಲಯವನ್ನು 1955ರಲ್ಲಿ ನೈನಿತಾಲ್‌ಗೆ ಸ್ಥಳಾಂತರಿಸಲಾಯಿತು. 1960ರಲ್ಲಿ ಅವರು ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಆ ವೀಕ್ಷಣಾಲಯ ಸೂರ್ಯನ ಅಧ್ಯಯನಕ್ಕೆ ಹೆಸರಾಗಿತ್ತು. ರಾತ್ರಿಯ ವೀಕ್ಷಣೆಗೆ ಬೇರೆಯೇ ಸ್ಥಳ ಬೇಕೆಂದು ಮನಗಂಡ ಬಪ್ಪು ದಕ್ಷಿಣ ಭಾರತದಲ್ಲಿ ಸೂಕ್ತ ನೆಲೆಗಾಗಿ ಹುಡುಕಾಟ ನಡೆಸಿದರು.

ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರು ಅವರ ಆಯ್ಕೆಯಾಯಿತು. ಸುಮಾರು 700 ಮೀಟರ್ ಎತ್ತರದ ಈ ಸ್ಥಳ ಕಾಡಿನ ನಡುವೆ, ನಗರಗಳ ದೀಪಗಳಿಂದ ದೂರವಿದೆ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವುದರಿಂದ ದಕ್ಷಿಣ ಆಕಾಶದ ಬಹುಭಾಗವೂ ಇಲ್ಲಿಂದ ಗೋಚರಿಸುತ್ತದೆ. ದೀಪಗಳ ಬೆಳಕು ಆಕಾಶದಲ್ಲಿ ಚದುರಿ ಹಿನ್ನೆಲೆಯನ್ನು ಬೆಳಗಿಸಿದರೆ, ಎಷ್ಟೇ ಹೊತ್ತು ಎಕ್ಸ್‌ಪೋಷರ್ ನೀಡಿದರೂ ಮಂದ ನಕ್ಷತ್ರ ಆ ಹಿನ್ನೆಲೆಯಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಚಿತ್ರವನ್ನು ಸ್ವಚ್ಛಗೊಳಿಸುವ ಮೊದಲ ಹೆಜ್ಜೆ ಕತ್ತಲೆಯ ತಾಣವನ್ನು ಆರಿಸುವುದೇ ಆಗಿದೆ. 1968ರಲ್ಲಿ ವೀಕ್ಷಣಾಲಯದ ಕಾರ್ಯಾಗಾರದಲ್ಲೇ ತಯಾರಾದ 38 ಸೆಂಟಿಮೀಟರ್ ದೂರದರ್ಶಕದೊಡನೆ ಕಾವಲೂರಿನಲ್ಲಿ ಕೆಲಸ ಆರಂಭವಾಯಿತು. 1972ರಲ್ಲಿ ಜರ್ಮನಿಯ ಕಾರ್ಲ್ ಜೈಸ್ ಕಂಪನಿಯ 1 ಮೀಟರ್ ದೂರದರ್ಶಕ ಅಲ್ಲಿಗೆ ಬಂದಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ಒಂದು ನಕ್ಷತ್ರದ ಮುಂದೆ ಹಾದುಹೋಗುವ ಸಂದರ್ಭದಲ್ಲಿ ಅಮೆರಿಕದ ವಿಜ್ಞಾನಿಗಳು ವಿಮಾನದಿಂದ ಅದನ್ನು ವೀಕ್ಷಿಸಿ ಗ್ರಹದ ಉಂಗುರಗಳನ್ನು ಕಂಡುಹಿಡಿದರು. ಅದೇ ರಾತ್ರಿ ನಕ್ಷತ್ರದ ಬೆಳಕು ಕುಂದಿದ್ದನ್ನು ದಾಖಲಿಸಿದ ವೀಕ್ಷಣಾಲಯಗಳಲ್ಲಿ ಕಾವಲೂರೂ ಒಂದು.

ಬೆಂಗಳೂರಿನ ಸಂಸ್ಥೆ

1971ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯವು ಭಾರತೀಯ ಖಗೋಳಭೌತ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಬಪ್ಪು ಅದರ ಮೊದಲ ನಿರ್ದೇಶಕರಾದರು. ಮುಂದೆ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನ ಕೋರಮಂಗಲಕ್ಕೆ ಸ್ಥಳಾಂತರಗೊಂಡಿತು. 1980ರ ಫೆಬ್ರವರಿ 16ರ ಸಂಪೂರ್ಣ ಸೂರ್ಯಗ್ರಹಣದ ಛಾಯೆ ಉತ್ತರ ಕರ್ನಾಟಕದ ಮೇಲೆ ಹಾದುಹೋದಾಗ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಸಂಸ್ಥೆಯ ವಿಜ್ಞಾನಿಗಳು ವೀಕ್ಷಣೆ ನಡೆಸಿದರು.

ದೊಡ್ಡ ದೂರದರ್ಶಕವನ್ನು ಭಾರತದಲ್ಲಿಯೇ ನಿರ್ಮಿಸಬೇಕೆಂಬುದು ಬಪ್ಪು ಅವರ ಆಶಯವಾಗಿತ್ತು. ಅದರಂತೆ 2.34 ಮೀಟರ್ ವ್ಯಾಸದ ದರ್ಪಣವನ್ನು ಉಜ್ಜಿ ಹದಗೊಳಿಸುವ ಕಾರ್ಯ ಬೆಂಗಳೂರಿನ ಸಂಸ್ಥೆಯಲ್ಲಿಯೇ ನಡೆಯಿತು. ದೂರದರ್ಶಕವನ್ನು ಹೊರುವ ಭಾರಿ ಯಂತ್ರಭಾಗಗಳು ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ ತಯಾರಾದವು.

ನಿಧನ ಮತ್ತು ಗೌರವಗಳು

ಬಪ್ಪು ಅವರಿಗೆ 1970ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ 1981ರಲ್ಲಿ ಪದ್ಮಭೂಷಣವೂ ದೊರೆತವು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಈ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ. ಅಧ್ಯಕ್ಷರಾಗಿದ್ದಾಗಲೇ, ಹೃದಯದ ಶಸ್ತ್ರಚಿಕಿತ್ಸೆಯ ನಂತರ, 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಿಧನ ಹೊಂದಿದರು. ಆಗ ಅವರ ವಯಸ್ಸು 55. ತಾವು ಯೋಜಿಸಿದ ದೊಡ್ಡ ದೂರದರ್ಶಕವು ಪೂರ್ಣಗೊಂಡದ್ದನ್ನು ಅವರು ನೋಡಲಾಗಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅವರು ಕಾವಲೂರಿನ ವೀಕ್ಷಣಾಲಯಕ್ಕೂ 2.34 ಮೀಟರ್ ದೂರದರ್ಶಕಕ್ಕೂ ವೈನು ಬಪ್ಪು ಅವರ ಹೆಸರನ್ನಿಟ್ಟರು. 2596ನೆಯ ಕ್ಷುದ್ರಗ್ರಹಕ್ಕೂ ಅವರ ಹೆಸರಿದೆ.

ಪರಂಪರೆ

ಬಪ್ಪು ಅವರ ನಂತರದ ವರ್ಷಗಳಲ್ಲಿ ಛಾಯಾಚಿತ್ರ ಫಲಕಗಳ ಸ್ಥಾನಕ್ಕೆ ಸಿಸಿಡಿ ಎಂಬ ವಿದ್ಯುನ್ಮಾನ ಸಂವೇದಕಗಳು ಬಂದವು. ಸಂವೇದಕದ ಉಷ್ಣತೆಯಿಂದಲೇ ಚಿತ್ರದಲ್ಲಿ ಬೇಡದ ಚುಕ್ಕೆಗಳು ಮೂಡುವುದರಿಂದ ವೀಕ್ಷಣಾಲಯಗಳಲ್ಲಿ ಅದನ್ನು ಬಹಳ ತಂಪಾಗಿ ಇರಿಸಲಾಗುತ್ತದೆ. ಮುಚ್ಚಳ ಹಾಕಿ ಅಷ್ಟೇ ಅವಧಿಯ 'ಕತ್ತಲೆ ಚಿತ್ರ'ವನ್ನು ತೆಗೆದು ಮೂಲ ಚಿತ್ರದಿಂದ ಕಳೆಯಲಾಗುತ್ತದೆ. ಒಂದೇ ದೃಶ್ಯದ ಹಲವು ಚಿತ್ರಗಳ ಸರಾಸರಿ ತೆಗೆಯುವುದು ಇನ್ನೊಂದು ವಿಧಾನ. 4 ಚಿತ್ರಗಳನ್ನು ಸೇರಿಸಿದರೆ ಯಾದೃಚ್ಛಿಕ ನಾಯ್ಸ್ ಅರ್ಧಕ್ಕೂ, 16 ಚಿತ್ರಗಳನ್ನು ಸೇರಿಸಿದರೆ ಕಾಲು ಭಾಗಕ್ಕೂ ಇಳಿಯುತ್ತದೆ. ಹವ್ಯಾಸಿ ಛಾಯಾಗ್ರಾಹಕರೂ ಇಂದು ಇವೇ ವಿಧಾನಗಳನ್ನು ಬಳಸುತ್ತಾರೆ. ಆದರೆ ನಗರದ ದೀಪಗಳಿಂದ ಬೆಳಗಿದ ಆಕಾಶದಲ್ಲಿ ಈ ವಿಧಾನಗಳಿಂದ ದೊರೆಯುವ ಫಲ ಸೀಮಿತವಾದುದು. ಬಪ್ಪು ಅವರು ಹುಡುಕಿ ಆರಿಸಿದ ಕಾವಲೂರಿನಂತಹ ತಾಣಗಳ ಕತ್ತಲೆಯನ್ನು ಕಾಪಾಡಿಕೊಳ್ಳುವುದು ಇಂದಿಗೂ ವೀಕ್ಷಣಾಲಯಗಳ ಮುಂದಿರುವ ಪ್ರಶ್ನೆಯಾಗಿದೆ.