ಭೀಮೇಶಕೃಷ್ಣ ಎಂಬ ಅಂಕಿತದ ಹಿಂದೆ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಬಂಧುಗಳ ಹಳೆಯ ಮನೆಯೊಂದಿದೆ. ಶ್ರಾವಣದ ಶುಕ್ರವಾರಗಳಂದು ಅಲ್ಲಿನ ಹೆಂಗಸರು ಲಕ್ಷ್ಮಿಗೆ ಆರತಿ ಎತ್ತುವಾಗ ಹಾಡುತ್ತಿದ್ದ ಹಾಡೊಂದನ್ನು ನಾನು ಬಹುಕಾಲ ಪುರಂದರದಾಸರದೆಂದೇ ತಿಳಿದಿದ್ದೆ. ದಾಸರ ಪದವೆಂದರೆ ಗಂಡಸರದೇ ಎಂಬ ಊಹೆ ನಮ್ಮ ವಿದ್ಯಾಭ್ಯಾಸದ ಕೊಡುಗೆ. ಕೊನೆಯ ನುಡಿಯ ‘ಭೀಮೇಶಕೃಷ್ಣ’ ಎಂಬ ಅಂಕಿತಕ್ಕೆ ಕಿವಿಗೊಟ್ಟ ದಿನ ತಪ್ಪು ಅರಿವಾಯಿತು. ಅದು ಹರಪನಹಳ್ಳಿ ಭೀಮವ್ವನವರ ರಚನೆ.

ಭೀಮವ್ವ ಹುಟ್ಟಿದ್ದು 1823ರಲ್ಲಿ, ಹೊಸಪೇಟೆಯ ಕಡೆಯ ನಾರಾಯಣದೇವರಕೆರೆಯಲ್ಲಿ. ಆ ಊರು ಇಂದಿಲ್ಲ. ತುಂಗಭದ್ರಾ ಜಲಾಶಯದಲ್ಲಿ ಅದು ಮುಳುಗಿದಾಗ ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆಡುವ ವಯಸ್ಸಿನಲ್ಲಿಯೇ ಆಕೆಗೆ ಹರಪನಹಳ್ಳಿಯ ಮುನಿಯಪ್ಪನವರೊಡನೆ ಮದುವೆಯಾಯಿತು. ವರ ಬಹಳ ಹಿರಿಯರು. ಮೂವತ್ತೈದರ ಸುಮಾರಿಗೆ ವೈಧವ್ಯವೂ ಬಂದಿತು. ಅಂದಿನ ಬ್ರಾಹ್ಮಣ ಕುಟುಂಬದಲ್ಲಿ ವಿಧವೆಯಾದವಳು ಮಂಗಳಕಾರ್ಯದ ವೇಳೆ ಎದುರಿಗೆ ಬರುವಂತಿರಲಿಲ್ಲ, ಆರತಿ ತಟ್ಟೆ ಮುಟ್ಟುವಂತಿರಲಿಲ್ಲ. ಆದರೆ ಆ ತಟ್ಟೆ ಹಿಡಿದ ಮುತ್ತೈದೆಯರು ಇಂದಿಗೂ ಹಾಡುತ್ತಿರುವುದು ಆಕೆ ಕಟ್ಟಿಕೊಟ್ಟ ಹಾಡುಗಳನ್ನು. ಭೀಮವ್ವನವರ ಬದುಕಿನಲ್ಲಿ ನನ್ನನ್ನು ಬಹುವಾಗಿ ಕಾಡುವ ಸಂಗತಿ ಇದು. ಬಿಡಿ ಹಾಡುಗಳಲ್ಲದೆ ನಳಚರಿತ್ರೆ, ಸುಭದ್ರಾ ಕಲ್ಯಾಣದಂಥ ಕಥನಕಾವ್ಯಗಳನ್ನೂ ಅವರು ರಚಿಸಿದರು.

ಹರಿದಾಸರಲ್ಲಿ ಅಂಕಿತವನ್ನು ಗುರು ಕೊಡುವುದು ವಾಡಿಕೆ. ಭೀಮವ್ವನವರಿಗೆ ಅದು ಕನಸಿನಲ್ಲಿ ನಾರದರಿಂದ ದೊರೆಯಿತೆಂದು ಸಂಪ್ರದಾಯ ಹೇಳುತ್ತದೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಯಾವ ಮಠದ, ಯಾವ ಪುರುಷ ಗುರುವಿನ ಅಪ್ಪಣೆಗೂ ಕಾಯದೆ ಹಾಡುವ ಅಧಿಕಾರವನ್ನು ಆ ಕನಸು ಆಕೆಗೆ ಕೊಟ್ಟಿತು ಎಂಬುದಷ್ಟೇ ನನಗೆ ಮುಖ್ಯ. ದೇವರ ಹೆಸರಿನೊಳಗೆ ‘ಭೀಮ’ ಎಂಬ ತನ್ನ ಹೆಸರೂ ಅಡಗಿ ಕುಳಿತಿದೆ ಎಂಬುದು ಆಕೆಗೆ ತಿಳಿಯದೆ ಇದ್ದೀತೇ?

ಅದೇ ಶತಮಾನದಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಶಿಕೀನ್ಯಾ ಗೊಂಜಾಗಾ (1847-1935) ಎಂಬ ಸಂಗೀತ ರಚನಕಾರ್ತಿ ಇದ್ದರು. ಹದಿಹರೆಯದಲ್ಲೇ ಮದುವೆಯಾಗಿ, ಗಂಡನನ್ನು ತೊರೆದು, ಪಿಯಾನೊ ಪಾಠ ಹೇಳಿ ಬದುಕಿದವರು. ಅವರ ಕೃತಿಗಳು ಅಚ್ಚಾದವು, ರಂಗಕ್ಕೇರಿದವು. 1917ರಲ್ಲಿ ನಾಟಕ ಕರ್ತೃಗಳ ಹಕ್ಕಿಗಾಗಿ ಸಂಘವೊಂದನ್ನು ಕಟ್ಟುವುದರಲ್ಲಿ ಅವರು ಮುಂದಾಳಾಗಿದ್ದರು. ನಮ್ಮ ಭೀಮವ್ವನಿಗೆ ಹಕ್ಕುಪತ್ರವೆಂದಿದ್ದುದು ಕೊನೆಯ ನುಡಿಯ ಅಂಕಿತವೊಂದೇ. 1903ರಲ್ಲಿ ಅವರು ತೀರಿಕೊಂಡ ಮೇಲೆ ಹಾಡುಗಳು ಬಾಯಿಂದ ಬಾಯಿಗೆ, ಕೈಬರಹದ ಪುಸ್ತಕದಿಂದ ಪುಸ್ತಕಕ್ಕೆ ಹರಿದವು. ಹಾಡುವಾಗ ಸಾಲು ಬಿಟ್ಟುಹೋಗಬಹುದು, ಧಾಟಿ ಬದಲಾಗಬಹುದು. ಅಂಕಿತವನ್ನು ಮಾತ್ರ ಯಾರೂ ಬಿಡುವುದಿಲ್ಲ.

ಬ್ರಹ್ಮಪುರದ ಆ ಮನೆಯಲ್ಲಿ ಹಾಡುವವರು ನಡುವೆ ಸಾಲು ಮರೆತರೆ ಒಳಕೋಣೆಯಿಂದ ಮುದಿದನಿಯೊಂದು ಅದನ್ನು ಎತ್ತಿಕೊಡುತ್ತಿತ್ತು. ಅದು ನನ್ನ ಸೋದರತ್ತೆಯದು. ಗಂಡ ಹೋದ ಮೇಲೆ ಅವರು ಆರತಿಯ ಹೊತ್ತಿಗೆ ಪಡಸಾಲೆಗೆ ಬಂದದ್ದನ್ನು ನಾನು ಕಾಣೆ.