ಸ್ನಾಯುವಿನ ಬ್ಯಾಟರಿ ಹುಡುಕಿದ ಸುಬ್ಬರಾವ್

ನಮ್ಮಪ್ಪನಿಗೆ ಶುಗರ್. ಡಾಕ್ಟರ್ ಹೇಳಿದ ಹಾಗೆ ಊಟ ಕಡಿಮೆ ಮಾಡಿ ಒಂದೇ ವರ್ಷದಲ್ಲಿ 11 ಕಿಲೋ ಇಳಿದರು. ತುಪ್ಪದ ಮುಳಬಾಗಿಲು ದೋಸೆಯನ್ನೂ ಬಿಟ್ಟರು (ನಮ್ಮೂರಲ್ಲಿ ಇದು ಸಣ್ಣ ತ್ಯಾಗ ಅಲ್ಲ). ರಿಪೋರ್ಟ್ ಚೆನ್ನಾಗಿ ಬಂತು. ಆದರೆ ಕುರುಡುಮಲೆ ಗಣಪತಿ ದೇವಸ್ಥಾನಕ್ಕೆ ನಡೆದು ಹೋಗೋಣ ಅಂದ್ರೆ ಅರ್ಧ ದಾರಿಗೇ ಕಾಲು ಸೋಲುತ್ತೆ. ತೂಕ ಇಳಿದ ಮೇಲೆ ಶಕ್ತಿ ಬರಬೇಕಲ್ವಾ? ಅದನ್ನ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ನಂಗಲಿ ದಾಟಿದರೆ ನಮಗೆ ಆಂಧ್ರ. ಅದೇ ಆಂಧ್ರದ ಇನ್ನೊಂದು ತುದಿ, ಭೀಮವರಂನಲ್ಲಿ 1895ರಲ್ಲಿ ಹುಟ್ಟಿದವರು ಇವರು. ಹುಡುಗನಾಗಿದ್ದಾಗ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಕಾಶಿಗೆ ಓಡಿಹೋಗಲು ಹೊರಟಿದ್ದರಂತೆ. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ. ಬ್ಯಾಕ್‌ಲಾಗ್ ಇರೋರು ಇದನ್ನ ನೆನಪಿಟ್ಕೊಳ್ಳಿ! ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ಹಾಕಿದ್ದಕ್ಕೆ ಬ್ರಿಟಿಷ್ ಪ್ರೊಫೆಸರ್ ಕೋಪ ಕಟ್ಟಿಕೊಂಡು, ಕೊನೆಗೆ ಎಂಬಿಬಿಎಸ್ ಬದಲು ಎಲ್‌ಎಂಎಸ್ ಅನ್ನೋ ಕೆಳಗಿನ ಸರ್ಟಿಫಿಕೇಟ್ ಸಿಕ್ಕಿತು. ಇಬ್ಬರು ಸಹೋದರರು ಟ್ರಾಪಿಕಲ್ ಸ್ಪ್ರೂ ಅನ್ನೋ ಕಾಯಿಲೆಯಿಂದ ತೀರಿಕೊಂಡರು. ಹೆಂಡತಿಯನ್ನು ಊರಲ್ಲೇ ಬಿಟ್ಟು 1922ರಲ್ಲಿ ಬಾಸ್ಟನ್‌ಗೆ ಹೋದರು. ಅಲ್ಲಿ ಖರ್ಚಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ರೋಗಿಗಳ ಬೆಡ್‌ಪ್ಯಾನ್ ತೊಳೆಯೋ ಕೆಲಸ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ಫಾಸ್ಫರಸ್ ಎಷ್ಟಿದೆ ಅಂತ ಅಳೆಯೋ ವಿಧಾನ ಕಂಡುಹಿಡಿದರು. ಅದನ್ನ ಸ್ನಾಯುವಿನ ಮೇಲೆ ಪ್ರಯೋಗಿಸಿದಾಗ 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಲೋಹ್‌ಮನ್ ಕೂಡ ಎಟಿಪಿ ಕಂಡುಕೊಂಡರು. ಸ್ನಾಯು ಓಡೋದು ಲ್ಯಾಕ್ಟಿಕ್ ಆಸಿಡ್‌ನಿಂದ ಅನ್ನೋ ಥಿಯರಿಗೆ 1922ರ ನೊಬೆಲ್ ಬಂದಿತ್ತು, ಇದರಿಂದ ಅದೇ ಅಲುಗಾಡಿತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೈಟೋಕಾಂಡ್ರಿಯಾ ಜನರೇಟರ್, ಫಾಸ್ಫೋಕ್ರಿಯಾಟಿನ್ ಕೆಪಾಸಿಟರ್. ಮೆಟ್ಟಿಲು ಹತ್ತುವಾಗ ಕೆಪಾಸಿಟರ್ ಖಾಲಿಯಾಗುತ್ತೆ, ನಿಂತಾಗ ಜನರೇಟರ್ ಅದನ್ನ ಚಾರ್ಜ್ ಮಾಡುತ್ತೆ. ಈಗಿನ ಸಂಶೋಧಕರು ಎಂಆರ್ ಮೆಷಿನ್ ಒಳಗೆ ಕಾಲು ಆಡಿಸೋಕೆ ಹೇಳಿ ಆಮೇಲೆ ಫಾಸ್ಫರಸ್ ಸಿಗ್ನಲ್ ನೋಡ್ತಾರೆ. ಬರೋ ಗ್ರಾಫ್ ಹೆಚ್ಚುಕಡಿಮೆ ನಮ್ಮ ಲ್ಯಾಬ್‌ನ ಆರ್‌ಸಿ ಸರ್ಕ್ಯೂಟ್ ಕರ್ವ್! ಟೈಪ್ 2 ಡಯಾಬಿಟಿಸ್ ಇರೋ ಎಷ್ಟೋ ಜನರಲ್ಲಿ ಟೈಮ್ ಕಾನ್‌ಸ್ಟಂಟ್ ಜಾಸ್ತಿ, ಅಂದ್ರೆ ಚಾರ್ಜ್ ಆಗೋದು ನಿಧಾನ. ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಲಿವರ್ ಮತ್ತು ಸ್ನಾಯುವಿನ ಕೊಬ್ಬು ಕರಗಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತೆ, ಶುಗರ್ ಇಳಿಯುತ್ತೆ. ಆದರೆ ಬರೀ ಪಥ್ಯದಿಂದ ಜನರೇಟರ್ ದೊಡ್ಡದಾಗಲ್ಲ, ಕೊಬ್ಬಿನ ಜೊತೆ ಒಂದಿಷ್ಟು ಸ್ನಾಯುವೂ ಹೋಗುತ್ತೆ. ಮೈಟೋಕಾಂಡ್ರಿಯಾ ಹೆಚ್ಚೋದು ವ್ಯಾಯಾಮದಿಂದ. ಅಪ್ಪ ಬಿಟ್ಟಿದ್ದು ಇದನ್ನೇ. ಅಂದಹಾಗೆ, ಪಥ್ಯ ಮಾಡದೆ ತಾನಾಗೇ ತೂಕ ಇಳಿಯೋದು ಬೇರೆ ವಿಷಯ. ಅದು ಶುಗರ್ ಕೈಮೀರಿ ಸ್ನಾಯು ಕರಗ್ತಿರೋ ಲಕ್ಷಣ ಆಗಿರಬಹುದು, ಡಾಕ್ಟರ್ ಹತ್ತಿರ ಓಡಲೇಬೇಕು.

ಇಷ್ಟು ಮಾಡಿದರೂ ಹಾರ್ವರ್ಡ್ ಸುಬ್ಬರಾವ್‌ಗೆ ಖಾಯಂ ಕೆಲಸ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೆ ಅದೇ ಔಷಧಿ. ಆನೆಕಾಲು ರೋಗದ ಡಿಇಸಿ ಮಾತ್ರೆ ಬಂದಿದ್ದೂ ಅಲ್ಲಿಂದಲೇ. 1948ರ ಆಗಸ್ಟ್‌ನಲ್ಲಿ 53ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್‌ನಿಂದ ಹೋದರು. ನೊಬೆಲ್ ಇಲ್ಲ, ಊರಿಗೆ ವಾಪಸ್ ಬಂದಿದ್ದೂ ಇಲ್ಲ. ಹೆಂಡತಿ ಅವರನ್ನು ಮತ್ತೆ ನೋಡಲೇ ಇಲ್ಲ. ಇದನ್ನ ಓದಿ ನನಗೆ ನೊಬೆಲ್ ವಿಷಯಕ್ಕಿಂತ ಜಾಸ್ತಿ ಬೇಜಾರಾಯ್ತು.

ರಜೆಗೆ ಹೋದಾಗ ಅಪ್ಪನಿಗೆ ಕೆಪಾಸಿಟರ್ ಕಥೆ ಹೇಳಿದೆ. ಡಾಕ್ಟರನ್ನ ಕೇಳಿ ಈಗ ದಿನಾ ಬೆಳಗ್ಗೆ ಕುರುಡುಮಲೆ ರಸ್ತೆಯಲ್ಲಿ ನಡೀತಿದ್ದಾರೆ. ದೇವಸ್ಥಾನ ಇನ್ನೂ ತಲುಪಿಲ್ಲ.