ಮೈಕ್ ವೆಬ್‌ಸ್ಟರ್

ಮೈಕೆಲ್ ಲೂಯಿಸ್ ವೆಬ್‌ಸ್ಟರ್ (ಮಾರ್ಚ್ ೧೮, ೧೯೫೨ – ಸೆಪ್ಟೆಂಬರ್ ೨೪, ೨೦೦೨) ಅಮೆರಿಕನ್ ಫುಟ್‌ಬಾಲ್‌ನ ಪ್ರಸಿದ್ಧ ಆಟಗಾರರು. ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್‌ಎಫ್‌ಎಲ್) ಹದಿನೇಳು ಋತುಗಳ ಕಾಲ ಸೆಂಟರ್ ಸ್ಥಾನದಲ್ಲಿ ಆಡಿದ ಇವರು, ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವು ನಾಲ್ಕು ಸೂಪರ್ ಬೌಲ್ ಪ್ರಶಸ್ತಿಗಳನ್ನು ಗೆದ್ದಾಗ ಆ ತಂಡದ ಸದಸ್ಯರಾಗಿದ್ದರು. ದೈಹಿಕ ದಾರ್ಢ್ಯದಿಂದಾಗಿ 'ಐರನ್ ಮೈಕ್' ಎಂಬ ಅಡ್ಡಹೆಸರು ಪಡೆದಿದ್ದರು. ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪತಿ (ಸಿಟಿಇ) ಎಂಬ ಮಿದುಳು ಕ್ರಮೇಣ ಕ್ಷೀಣಿಸುವ ರೋಗ ಇದೆಯೆಂದು ಮರಣಾನಂತರದ ಪರೀಕ್ಷೆಯಲ್ಲಿ ದೃಢಪಟ್ಟ ಮೊದಲ ಎನ್‌ಎಫ್‌ಎಲ್ ಆಟಗಾರ ಇವರೇ. ಆಟದಿಂದ ಉಂಟಾಗುವ ಮಿದುಳಿನ ಹಾನಿಗೆ ಹೊಣೆ ಯಾರು ಎಂಬ ದೀರ್ಘ ವಿವಾದದಲ್ಲಿ ಇವರ ಜೀವನ ಮತ್ತು ಮರಣ ಮುಖ್ಯ ಸ್ಥಾನ ಪಡೆದಿವೆ.

ಆರಂಭಿಕ ಜೀವನ

ವೆಬ್‌ಸ್ಟರ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಟೊಮಾಹಾಕ್ ಎಂಬ ಊರಿನಲ್ಲಿ ಜನಿಸಿದರು. ಅವರ ಕುಟುಂಬವು ಆಲೂಗಡ್ಡೆ ಬೆಳೆಯುವ ಕೃಷಿಕ ಕುಟುಂಬವಾಗಿತ್ತು. ರೈನ್‌ಲ್ಯಾಂಡರ್ ಪಟ್ಟಣದ ಪ್ರೌಢಶಾಲೆಯಲ್ಲಿ ವ್ಯಾಸಂಗ ಮಾಡಿದ ಬಳಿಕ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿನ ತಂಡದಲ್ಲಿ ಸೆಂಟರ್ ಆಗಿ ಹೆಸರು ಮಾಡಿದರು. ಆ ಸ್ಥಾನಕ್ಕೆ ಅವರ ಮೈಕಟ್ಟು ಚಿಕ್ಕದೆಂಬ ಅಭಿಪ್ರಾಯ ವೃತ್ತಿಪರ ತಂಡಗಳಲ್ಲಿ ಇತ್ತು. ಹೀಗಾಗಿ ೧೯೭೪ರ ಆಟಗಾರರ ಆಯ್ಕೆಯಲ್ಲಿ ಐದನೆಯ ಸುತ್ತಿನವರೆಗೆ ಅವರನ್ನು ಯಾರೂ ಆರಿಸಲಿಲ್ಲ. ಆ ಸುತ್ತಿನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವರನ್ನು ತೆಗೆದುಕೊಂಡಿತು. ಅದೇ ವರ್ಷ ಆ ತಂಡ ಆರಿಸಿಕೊಂಡ ಲಿನ್ ಸ್ವಾನ್, ಜಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್ ಮತ್ತು ವೆಬ್‌ಸ್ಟರ್ ಈ ನಾಲ್ವರೂ ಮುಂದೆ ಕ್ರೀಡೆಯ ಹಾಲ್ ಆಫ್ ಫೇಮ್‌ಗೆ ಸೇರಿದರು.

ವೃತ್ತಿಜೀವನ

ಚಕ್ ನೋಲ್ ಅವರ ತರಬೇತಿಯಲ್ಲಿದ್ದ ಸ್ಟೀಲರ್ಸ್ ತಂಡದಲ್ಲಿ ವೆಬ್‌ಸ್ಟರ್ ಮೊದಲ ಎರಡು ಋತುಗಳಲ್ಲಿ ಹಿರಿಯ ಆಟಗಾರ ರೇ ಮ್ಯಾನ್ಸ್‌ಫೀಲ್ಡ್ ಅವರೊಂದಿಗೆ ಸ್ಥಾನ ಹಂಚಿಕೊಂಡರು. ೧೯೭೫ರ ಋತುವಿನ ಕೊನೆಯಿಂದ ೧೯೮೬ರವರೆಗೆ ಸತತವಾಗಿ ೧೫೦ ಪಂದ್ಯಗಳಲ್ಲಿ ಆರಂಭಿಕ ಆಟಗಾರರಾಗಿ ಕಣಕ್ಕಿಳಿದರು. ೧೯೮೬ರಲ್ಲಿ ಮೊಣಕೈ ಕೀಲು ತಪ್ಪಿದಾಗ ಮಾತ್ರ ಈ ಸರಣಿ ಮುರಿಯಿತು. ಒಂಬತ್ತು ಋತುಗಳ ಕಾಲ ಆಕ್ರಮಣ ಪಡೆಯ ನಾಯಕರಾಗಿದ್ದರು. ಒಂಬತ್ತು ಬಾರಿ ಪ್ರೊ ಬೌಲ್ ಪಂದ್ಯಕ್ಕೆ ಆಯ್ಕೆಯಾದರು. ಕ್ವಾರ್ಟರ್‌ಬ್ಯಾಕ್ ಟೆರಿ ಬ್ರ್ಯಾಡ್‌ಶಾ ಮತ್ತು ಓಟಗಾರ ಫ್ರಾಂಕೊ ಹ್ಯಾರಿಸ್ ಅವರ ಸಾಧನೆಗಳ ಹಿಂದೆ ವೆಬ್‌ಸ್ಟರ್ ಮುನ್ನಡೆಸಿದ ಆಕ್ರಮಣ ಸಾಲಿನ ಶ್ರಮವಿತ್ತು. ೧೯೭೪ರಿಂದ ೧೯೭೯ರವರೆಗಿನ ಆರು ಋತುಗಳಲ್ಲಿ ಸ್ಟೀಲರ್ಸ್ ನಾಲ್ಕು ಬಾರಿ ಸೂಪರ್ ಬೌಲ್ ಗೆದ್ದಿತು.

ಸ್ಟೀಲರ್ಸ್ ಪರ ೨೨೦ ಪಂದ್ಯಗಳನ್ನು ಆಡಿದ ಬಳಿಕ, ೧೯೮೯ರಲ್ಲಿ ಅವರು ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ ತರಬೇತುದಾರರಾಗಿ ಹೋದರು. ಆದರೆ ಅಲ್ಲಿಯೂ ಆಟಗಾರರಾಗಿ ಮೈದಾನಕ್ಕೆ ಮರಳಿ ಎರಡು ಋತುಗಳನ್ನು ಆಡಿದರು. ೧೯೯೧ರಲ್ಲಿ ನಿವೃತ್ತರಾಗುವ ವೇಳೆಗೆ ಅವರು ಆಡಿದ ಒಟ್ಟು ಪಂದ್ಯಗಳ ಸಂಖ್ಯೆ ೨೪೫.

ಸೆಂಟರ್ ಸ್ಥಾನ ಮತ್ತು ತಲೆಯ ಪೆಟ್ಟುಗಳು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟದ ಪ್ರತಿಯೊಂದು ಸರದಿಯೂ ಸೆಂಟರ್‌ನಿಂದ ಆರಂಭವಾಗುತ್ತದೆ. ಆತ ಬಾಗಿ ನಿಂತು, ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟು, ಮರುಕ್ಷಣವೇ ಎದುರಾಳಿಯನ್ನು ತಡೆಯಬೇಕು. ತಲೆ ತಗ್ಗಿಸಿ ಮುನ್ನುಗ್ಗುವ ಇಬ್ಬರು ಭಾರಿ ಗಾತ್ರದ ಆಟಗಾರರ ಶಿರಸ್ತ್ರಾಣಗಳು ಇಂತಹ ಸಂದರ್ಭದಲ್ಲಿ ಪರಸ್ಪರ ಅಪ್ಪಳಿಸುತ್ತವೆ. ಎದುರಾಳಿಯ ಶಿರಸ್ತ್ರಾಣಕ್ಕೆ ಅಂಗೈಯಿಂದ ಬಲವಾಗಿ ಹೊಡೆಯುವ ತಂತ್ರವನ್ನು ಲೀಗ್ ನಿಷೇಧಿಸಿದ್ದು ೧೯೭೭ರಲ್ಲಿ. ವೆಬ್‌ಸ್ಟರ್ ಆಗಲೇ ಮೂರು ಋತುಗಳನ್ನು ಆಡಿದ್ದರು.

ಶಿರಸ್ತ್ರಾಣವು ತಲೆಬುರುಡೆ ಒಡೆಯದಂತೆ ಕಾಪಾಡುತ್ತದೆ. ಆದರೆ ಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ತಡೆಯಲಾರದು. ಪ್ರಜ್ಞೆ ತಪ್ಪಿಸುವ ಅಥವಾ ಗೊಂದಲ ಉಂಟುಮಾಡುವ ದೊಡ್ಡ ಪೆಟ್ಟನ್ನು ಕನ್‌ಕಶನ್ ಎಂದು ಗುರುತಿಸಲಾಗುತ್ತದೆ. ಯಾವ ಲಕ್ಷಣವನ್ನೂ ತೋರದ ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಪುನರಾವರ್ತನೆಯಾದರೂ ಮಿದುಳಿಗೆ ಹಾನಿಯಾಗಬಹುದೆಂದು ನಂತರದ ಸಂಶೋಧನೆಗಳು ಸೂಚಿಸಿವೆ. ಈ ಕಾರಣದಿಂದ ಸೆಂಟರ್‌ನಂತಹ ಸ್ಥಾನದಲ್ಲಿ ಆಡುವವರ ಅಪಾಯವನ್ನು ಕೇವಲ ಕನ್‌ಕಶನ್‌ಗಳ ಲೆಕ್ಕದಿಂದ ಅಳೆಯಲಾಗದು.

ನಿವೃತ್ತಿಯ ನಂತರ

ನಿವೃತ್ತಿಯ ಬಳಿಕ ವೆಬ್‌ಸ್ಟರ್ ಅವರ ಬದುಕು ಶೀಘ್ರವಾಗಿ ಅಸ್ತವ್ಯಸ್ತವಾಯಿತು. ಮರೆವು, ಖಿನ್ನತೆ, ಏಕಾಗ್ರತೆಯ ಕೊರತೆ, ತೀವ್ರ ತಲೆನೋವು ಹಾಗೂ ಮೈಕೈ ನೋವುಗಳಿಂದ ಅವರು ಬಳಲಿದರು. ಹಣಕಾಸಿನ ವ್ಯವಹಾರಗಳು ಕೈಕೊಟ್ಟವು, ದಾಂಪತ್ಯ ಮುರಿಯಿತು. ಕೆಲಕಾಲ ತಮ್ಮ ಪಿಕಪ್ ವಾಹನದಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ರಾತ್ರಿ ಕಳೆದರು. ನೋವಿನಿಂದ ನಿದ್ರೆ ಬಾರದಿದ್ದಾಗ ವಿದ್ಯುದಾಘಾತ ನೀಡುವ ಟೇಸರ್ ಉಪಕರಣವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳುತ್ತಿದ್ದರು.

೧೯೯೭ರಲ್ಲಿ ಅವರು ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದಾಗ ಟೆರಿ ಬ್ರ್ಯಾಡ್‌ಶಾ ಅವರನ್ನು ಸಭೆಗೆ ಪರಿಚಯಿಸಿದರು. ೧೯೯೯ರಲ್ಲಿ ರಿಟಾಲಿನ್ ಔಷಧಕ್ಕಾಗಿ ವೈದ್ಯರ ಚೀಟಿಯನ್ನು ನಕಲು ಮಾಡಿದ ಪ್ರಕರಣದಲ್ಲಿ ಅವರ ಬಂಧನವಾಯಿತು. ನ್ಯಾಯಾಲಯವು ಸೆರೆವಾಸ ವಿಧಿಸದೆ, ನಿಗಾವಣೆಯಲ್ಲಿರುವಂತೆ ಆದೇಶಿಸಿತು.

ಅಂಗವೈಕಲ್ಯ ಪಿಂಚಣಿಯ ವ್ಯಾಜ್ಯ

೧೯೯೯ರಲ್ಲಿ ವಕೀಲ ಬಾಬ್ ಫಿಟ್ಜ್‌ಸಿಮನ್ಸ್ ಅವರ ನೆರವಿನಿಂದ ವೆಬ್‌ಸ್ಟರ್ ಎನ್‌ಎಫ್‌ಎಲ್ ಆಟಗಾರರ ನಿವೃತ್ತಿ ಯೋಜನೆಗೆ ಅಂಗವೈಕಲ್ಯ ಭತ್ಯೆಗಾಗಿ ಅರ್ಜಿ ಸಲ್ಲಿಸಿದರು. ಈ ಯೋಜನೆಯನ್ನು ನಡೆಸುವ ಮಂಡಳಿಯಲ್ಲಿ ಮತದಾನದ ಹಕ್ಕುಳ್ಳ ಆರು ಸದಸ್ಯರಿದ್ದು, ಮೂವರನ್ನು ತಂಡಗಳ ಮಾಲೀಕರೂ ಮೂವರನ್ನು ಆಟಗಾರರ ಸಂಘವೂ ನೇಮಿಸುತ್ತಿದ್ದವು. ಮಂಡಳಿಯೇ ಗೊತ್ತುಮಾಡಿದ ವೈದ್ಯರನ್ನೂ ಒಳಗೊಂಡಂತೆ ಅವರನ್ನು ಪರೀಕ್ಷಿಸಿದ ವೈದ್ಯರು, ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳಿಂದಲೇ ಅವರ ಮಿದುಳಿಗೆ ಶಾಶ್ವತ ಹಾನಿಯಾಗಿದೆ ಎಂದು ಅಭಿಪ್ರಾಯಪಟ್ಟರು. ಮಂಡಳಿಯು ಇದನ್ನು ಒಪ್ಪಿ, ಅವರು ಸಂಪೂರ್ಣ ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾಗಿದ್ದಾರೆಂದು ತೀರ್ಮಾನಿಸಿತು.

ಆದರೆ ಅಂಗವೈಕಲ್ಯ ಯಾವಾಗ ಆರಂಭವಾಯಿತು ಎಂಬುದರ ಮೇಲೆ ಭತ್ಯೆಯ ಮೊತ್ತ ನಿಂತಿತ್ತು. ನಿವೃತ್ತಿಯ ವೇಳೆಗೇ ಅಶಕ್ತರಾಗಿದ್ದವರಿಗೆ ಹೆಚ್ಚಿನ ಭತ್ಯೆ, ಕಾಲಕ್ರಮೇಣ ಅಶಕ್ತರಾದವರಿಗೆ ಕಡಿಮೆ ಭತ್ಯೆ ಎಂಬ ನಿಯಮವಿತ್ತು. ಮಂಡಳಿಯು ವೆಬ್‌ಸ್ಟರ್ ಅವರನ್ನು ಎರಡನೆಯ ವರ್ಗಕ್ಕೆ ಸೇರಿಸಿತು. ಅವರ ಮರಣಾನಂತರ ಅವರ ಉತ್ತರಾಧಿಕಾರಿಗಳ ಪರವಾಗಿ ಮೊಕದ್ದಮೆ ಹೂಡಲಾಯಿತು. ೨೦೦೫ರಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಲಯವು ಮಂಡಳಿಯ ವಿರುದ್ಧ ತೀರ್ಪು ನೀಡಿತು. ೨೦೦೬ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು, ೧೯೯೧ರ ವೇಳೆಗೇ ಅವರು ಅಶಕ್ತರಾಗಿದ್ದರೆಂಬ ವೈದ್ಯಕೀಯ ಸಾಕ್ಷ್ಯವನ್ನು ಮಂಡಳಿ ಕಡೆಗಣಿಸಿತೆಂದು ಹೇಳಿ ಆ ತೀರ್ಪನ್ನು ಎತ್ತಿಹಿಡಿಯಿತು. ಇದರಿಂದ ಹತ್ತು ಲಕ್ಷ ಡಾಲರ್‌ಗೂ ಮೀರಿದ ಬಾಕಿ ಮೊತ್ತ ಸಂದಾಯವಾಗಬೇಕಾಯಿತು.

ಮರಣ ಮತ್ತು ಮಿದುಳಿನ ಪರೀಕ್ಷೆ

ವೆಬ್‌ಸ್ಟರ್ ೨೦೦೨ರ ಸೆಪ್ಟೆಂಬರ್ ೨೪ರಂದು ಪಿಟ್ಸ್‌ಬರ್ಗ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ೫೦ ವರ್ಷ. ಸ್ಥಳೀಯ ಕರೋನರ್ ಕಚೇರಿಯಲ್ಲಿದ್ದ ನೈಜೀರಿಯಾ ಮೂಲದ ರೋಗಶಾಸ್ತ್ರಜ್ಞ ಬೆನೆಟ್ ಒಮಾಲು ಶವಪರೀಕ್ಷೆ ನಡೆಸಿದರು. ಮಿದುಳು ಹೊರನೋಟಕ್ಕೆ ಸಹಜವಾಗಿಯೇ ಕಂಡಿತು. ಆದರೂ ವೆಬ್‌ಸ್ಟರ್ ಅವರ ಕೊನೆಯ ವರ್ಷಗಳ ವರ್ತನೆಯನ್ನು ಗಮನಿಸಿದ ಒಮಾಲು, ಅದನ್ನು ರಕ್ಷಿಸಿಟ್ಟು, ಸ್ವಂತ ಖರ್ಚಿನಲ್ಲಿ ತೆಳುವಾದ ಛೇದಗಳನ್ನು ಸಿದ್ಧಪಡಿಸಿ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ನರಕೋಶಗಳಲ್ಲಿ ಟೌ ಎಂಬ ಪ್ರೋಟೀನ್ ಅಸಹಜವಾಗಿ ಸಂಗ್ರಹವಾಗಿರುವುದು ಕಂಡುಬಂದಿತು.

ತಲೆಗೆ ಪದೇ ಪದೇ ಪೆಟ್ಟು ತಿಂದ ಮುಷ್ಟಿಕಾಳಗದ ಪಟುಗಳಲ್ಲಿ ಮಿದುಳಿನ ಕಾಯಿಲೆ ಕಾಣಿಸಿಕೊಳ್ಳುವುದನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ೧೯೨೮ರಷ್ಟು ಹಿಂದೆಯೇ ವಿವರಿಸಿದ್ದರು. ಅಂತಹ ಹಾನಿಯು ವೃತ್ತಿಪರ ಫುಟ್‌ಬಾಲ್ ಆಟಗಾರನ ಮಿದುಳಿನಲ್ಲಿ ದಾಖಲಾದದ್ದು ಇದೇ ಮೊದಲು. ಒಮಾಲು ಮತ್ತು ಸಹೋದ್ಯೋಗಿಗಳ ವರದಿ ೨೦೦೫ರಲ್ಲಿ 'ನ್ಯೂರೋಸರ್ಜರಿ' ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಲೀಗ್‌ನ ಪ್ರತಿಕ್ರಿಯೆ

ಎನ್‌ಎಫ್‌ಎಲ್ ೧೯೯೪ರಲ್ಲಿ ಮಿದುಳಿನ ಲಘು ಗಾಯಗಳ ಅಧ್ಯಯನಕ್ಕೆಂದು ಸಮಿತಿಯೊಂದನ್ನು ರಚಿಸಿತ್ತು. ಅದರ ಅಧ್ಯಕ್ಷರಾಗಿದ್ದ ಎಲಿಯಟ್ ಪೆಲ್ಮನ್ ಸಂಧಿವಾತ ತಜ್ಞರಾಗಿದ್ದರು. ವೃತ್ತಿಪರ ಆಟಗಾರರಲ್ಲಿ ಪದೇ ಪದೇ ಬೀಳುವ ಪೆಟ್ಟಿನಿಂದ ದೀರ್ಘಕಾಲದ ಹಾನಿಯಾಗುವುದಕ್ಕೆ ಆಧಾರವಿಲ್ಲವೆಂಬ ನಿಲುವನ್ನು ಈ ಸಮಿತಿಯ ಪ್ರಬಂಧಗಳು ಪ್ರತಿಪಾದಿಸಿದವು. ಒಮಾಲು ಅವರ ವರದಿಯನ್ನು ಹಿಂತೆಗೆದುಕೊಳ್ಳಬೇಕೆಂದು ಸಮಿತಿಯ ಸದಸ್ಯರು ನಿಯತಕಾಲಿಕವನ್ನು ಒತ್ತಾಯಿಸಿದರು. ಸಂಪಾದಕರು ಹಾಗೆ ಮಾಡಲಿಲ್ಲ. ೨೦೦೬ರಲ್ಲಿ ಸ್ಟೀಲರ್ಸ್‌ನ ಮತ್ತೊಬ್ಬ ಮಾಜಿ ಆಟಗಾರ ಟೆರಿ ಲಾಂಗ್ ಅವರ ಮಿದುಳಿನಲ್ಲಿಯೂ ಅದೇ ರೋಗವಿತ್ತೆಂದು ಒಮಾಲು ವರದಿ ಮಾಡಿದರು.

ಲೀಗ್‌ನ ಸಮಿತಿ ಹೀಗೆ ನಿರಾಕರಿಸುತ್ತಿದ್ದ ಕಾಲದಲ್ಲಿ, ಲೀಗ್‌ನ ಪ್ರತಿನಿಧಿಗಳೂ ಇದ್ದ ಪಿಂಚಣಿ ಮಂಡಳಿ ವೆಬ್‌ಸ್ಟರ್ ಪ್ರಕರಣದಲ್ಲಿ ಅದೇ ಸಂಬಂಧವನ್ನು ಒಪ್ಪಿಕೊಂಡು ವರ್ಷಗಳೇ ಕಳೆದಿದ್ದವು. ಈ ವೈರುಧ್ಯವು ಮುಂದೆ ಮಾಜಿ ಆಟಗಾರರ ವಾದಕ್ಕೆ ಬಲ ನೀಡಿತು. ಕನ್‌ಕಶನ್‌ಗಳಿಂದ ದೀರ್ಘಕಾಲದ ತೊಂದರೆಯಾಗಬಹುದೆಂದು ಲೀಗ್‌ನ ವಕ್ತಾರರು ಮೊದಲ ಬಾರಿಗೆ ಒಪ್ಪಿದ್ದು ೨೦೦೯ರ ಡಿಸೆಂಬರ್‌ನಲ್ಲಿ. ಫುಟ್‌ಬಾಲ್‌ಗೂ ಸಿಟಿಇಗೂ ಸಂಬಂಧವಿದೆಯೆಂದು ಲೀಗ್‌ನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡದ್ದು ೨೦೧೬ರಲ್ಲಿ.

ಹೊಣೆಗಾರಿಕೆಯ ಪ್ರಶ್ನೆ

ಆಟದ ಅಪಾಯವನ್ನು ಅರಿತೇ ಆಟಗಾರರು ಕಣಕ್ಕಿಳಿಯುತ್ತಾರೆ, ಅದಕ್ಕೆ ಕೈತುಂಬ ಸಂಭಾವನೆಯನ್ನೂ ಪಡೆಯುತ್ತಾರೆ ಎಂಬುದು ಒಂದು ವಾದ. ಮೂಳೆ ಮುರಿಯುವ, ಕೀಲು ತಪ್ಪುವ ಅಪಾಯಗಳ ಮಟ್ಟಿಗೆ ಈ ವಾದಕ್ಕೆ ಆಧಾರವಿದೆ. ಆದರೆ ದಶಕಗಳ ನಂತರ ಕಾಣಿಸಿಕೊಳ್ಳುವ, ಜೀವಂತವಿರುವಾಗ ಖಚಿತವಾಗಿ ಪತ್ತೆಹಚ್ಚಲಾಗದ ರೋಗದ ವಿಷಯದಲ್ಲಿ ಆಟಗಾರನ ಸಮ್ಮತಿಯು ಆತನಿಗೆ ದೊರೆತ ಮಾಹಿತಿಯನ್ನು ಅವಲಂಬಿಸಿರುತ್ತದೆ. ಮಾಹಿತಿಯನ್ನು ಮರೆಮಾಚಲಾಯಿತು ಎಂಬುದೇ ೨೦೧೧ರಿಂದ ಸಾವಿರಾರು ಮಾಜಿ ಆಟಗಾರರು ಹೂಡಿದ ಮೊಕದ್ದಮೆಗಳ ಮುಖ್ಯ ಆರೋಪವಾಗಿತ್ತು. ಟೀಕೆ ಮಾಲೀಕರಿಗಷ್ಟೇ ಸೀಮಿತವಾಗಲಿಲ್ಲ. ಪಿಂಚಣಿ ಮಂಡಳಿಯ ಅರ್ಧದಷ್ಟು ಸದಸ್ಯರನ್ನು ನೇಮಿಸುತ್ತಿದ್ದ ಆಟಗಾರರ ಸಂಘವೂ, ಗಾಯಗೊಂಡವರನ್ನು ಮತ್ತೆ ಮೈದಾನಕ್ಕೆ ಕಳುಹಿಸಿದ ತಂಡದ ವೈದ್ಯರೂ ಟೀಕೆಗೆ ಗುರಿಯಾದರು.

೨೦೧೩ರ ಆಗಸ್ಟ್‌ನಲ್ಲಿ ಲೀಗ್ ೭೬.೫ ಕೋಟಿ ಡಾಲರ್‌ಗಳ ರಾಜಿಗೆ ಒಪ್ಪಿತು, ಆದರೆ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಆ ಮೊತ್ತ ಸಾಲದೆಂದು ನ್ಯಾಯಾಧೀಶೆ ಅನಿಟಾ ಬ್ರಾಡಿ ಸಂದೇಹ ವ್ಯಕ್ತಪಡಿಸಿದ ಬಳಿಕ ಪರಿಹಾರದ ಮಿತಿಯನ್ನು ತೆಗೆದುಹಾಕಲಾಯಿತು; ೨೦೧೫ರಲ್ಲಿ ನ್ಯಾಯಾಲಯದ ಅನುಮೋದನೆ ದೊರೆಯಿತು. ರಾಜಿಯ ಕಾರಣ ಪ್ರಕರಣವು ಪೂರ್ಣ ವಿಚಾರಣೆಗೆ ಬರಲಿಲ್ಲ. ಹೀಗಾಗಿ ಲೀಗ್‌ಗೆ ಯಾವಾಗ ಏನು ತಿಳಿದಿತ್ತು ಎಂಬ ಪ್ರಶ್ನೆಗೆ ನ್ಯಾಯಾಲಯದ ತೀರ್ಪಿನ ರೂಪದ ಉತ್ತರ ಸಿಗಲಿಲ್ಲ. ೨೦೦೬ಕ್ಕೆ ಮೊದಲು ಮೃತಪಟ್ಟ ಆಟಗಾರರ ಕುಟುಂಬಗಳು ಪರಿಹಾರ ಪಡೆಯಲು, ತಮ್ಮ ಬೇಡಿಕೆ ಕಾನೂನಿನ ಕಾಲಮಿತಿಯೊಳಗಿದೆಯೆಂದು ಪ್ರತ್ಯೇಕವಾಗಿ ಸಾಬೀತುಪಡಿಸಬೇಕಿತ್ತು. ವಿವಾದಕ್ಕೆ ಕಾರಣವಾದ ಮೊದಲ ಪ್ರಕರಣ, ಅಂದರೆ ೨೦೦೨ರಲ್ಲಿ ತೀರಿಕೊಂಡ ವೆಬ್‌ಸ್ಟರ್ ಅವರ ಪ್ರಕರಣವೂ ಈ ಷರತ್ತಿಗೆ ಒಳಪಟ್ಟಿತು.

ಪರಂಪರೆ

ವೆಬ್‌ಸ್ಟರ್ ನಂತರ ನೂರಾರು ಆಟಗಾರರ ಮಿದುಳುಗಳನ್ನು ಸಂಶೋಧನೆಗೆ ದಾನ ಮಾಡಲಾಗಿದೆ. ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಮತ್ತು ಸಹೋದ್ಯೋಗಿಗಳು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ೧೧೧ ಎನ್‌ಎಫ್‌ಎಲ್ ಆಟಗಾರರ ಪೈಕಿ ೧೧೦ ಮಂದಿಯ ಮಿದುಳಿನಲ್ಲಿ ಸಿಟಿಇ ಕಂಡುಬಂದಿತು. ರೋಗಲಕ್ಷಣಗಳಿದ್ದವರ ಕುಟುಂಬಗಳೇ ಮಿದುಳು ದಾನಕ್ಕೆ ಮುಂದಾಗುವ ಸಂಭವ ಹೆಚ್ಚು. ಆದ್ದರಿಂದ ಈ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಅನ್ವಯಿಸಲಾಗದು.

ಕನ್‌ಕಶನ್ ಶಂಕೆಯಿರುವ ಬಾಲ ಆಟಗಾರರನ್ನು ವೈದ್ಯಕೀಯ ಒಪ್ಪಿಗೆಯಿಲ್ಲದೆ ಮೈದಾನಕ್ಕೆ ಮರಳಿಸಬಾರದೆಂಬ ಕಾನೂನನ್ನು ವಾಷಿಂಗ್ಟನ್ ರಾಜ್ಯ ೨೦೦೯ರಲ್ಲಿ ಜಾರಿಗೆ ತಂದಿತು. ೨೦೧೪ರ ವೇಳೆಗೆ ಅಮೆರಿಕದ ಎಲ್ಲ ೫೦ ರಾಜ್ಯಗಳಲ್ಲಿಯೂ ಬಾಲ ಆಟಗಾರರ ಕನ್‌ಕಶನ್ ಕುರಿತು ಕಾನೂನುಗಳು ಬಂದವು. ತಲೆ ತಗ್ಗಿಸಿ ಶಿರಸ್ತ್ರಾಣದಿಂದ ಎದುರಾಳಿಗೆ ಡಿಕ್ಕಿ ಹೊಡೆಯುವುದನ್ನು ಎನ್‌ಎಫ್‌ಎಲ್ ೨೦೧೮ರಲ್ಲಿ ದಂಡಾರ್ಹಗೊಳಿಸಿತು.

ವೆಬ್‌ಸ್ಟರ್ ಅವರ ಪ್ರಕರಣವನ್ನು ೨೦೧೩ರ 'ಲೀಗ್ ಆಫ್ ಡಿನಯಲ್' ಪುಸ್ತಕ ಮತ್ತು ಸಾಕ್ಷ್ಯಚಿತ್ರಗಳು ವಿವರವಾಗಿ ನಿರೂಪಿಸಿವೆ. ೨೦೧೫ರ 'ಕನ್‌ಕಶನ್' ಚಲನಚಿತ್ರದಲ್ಲಿ ಒಮಾಲು ಪಾತ್ರವನ್ನು ವಿಲ್ ಸ್ಮಿತ್, ವೆಬ್‌ಸ್ಟರ್ ಪಾತ್ರವನ್ನು ಡೇವಿಡ್ ಮೋರ್ಸ್ ನಿರ್ವಹಿಸಿದ್ದಾರೆ. ವೆಬ್‌ಸ್ಟರ್ ಧರಿಸುತ್ತಿದ್ದ ೫೨ನೆಯ ಸಂಖ್ಯೆಯ ಅಂಗಿಯನ್ನು ಸ್ಟೀಲರ್ಸ್ ತಂಡವು ಅಧಿಕೃತವಾಗಿ ನಿವೃತ್ತಿಗೊಳಿಸದಿದ್ದರೂ, ಅವರ ನಂತರ ಬೇರೆ ಆಟಗಾರರಿಗೆ ನೀಡಿಲ್ಲ.